ಹಿಡಿತದ ತಪ್ಪು

ಪಾರ್ಕ್‌ಲ್ಯಾಂಡ್ಸ್, ನೈರೋಬಿ
14 ಜೂನ್ 2015

ದ್ವಾರಕಾನಾಥ್ ಮೇಷ್ಟ್ರಿಗೆ ಭಾನುಮತಿಯ ನಮಸ್ಕಾರ.

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಮಂಡಿನೋವಿನ ವಿಚಾರ ಆಮೇಲೆ ಕೇಳುತ್ತೇನೆ, ಮೊದಲು ಜಗಳ.

ನಿಮ್ಮ ಸುತ್ತೋಲೆ ಬಂತು. ನಮ್ಮ ಕೃಷ್ಣಮೂರ್ತಿಪುರಂ ಮಹಿಳಾ ಸಾಫ್ಟ್‌ಬಾಲ್ ಬಳಗಕ್ಕೆ ನಲವತ್ತು ವರ್ಷ ತುಂಬುತ್ತದೆ, ಬರುವ ಜನವರಿ ಇಪ್ಪತ್ತಾರಕ್ಕೆ ಕ್ಲಬ್ಬಿನ ಗೋಡೆಗೆ ಕೀರ್ತಿಫಲಕ ಹಾಕುತ್ತೀರಿ, ಒಂಬತ್ತು ಜನ ಹಳೆಯ ಆಟಗಾರ್ತಿಯರ ಹೆಸರು ಕಲ್ಲಿನಲ್ಲಿ ಕೆತ್ತಿಸುತ್ತೀರಿ. ಸಂತೋಷ. ಕೆಳಗೆ ನಿಮ್ಮ ಕೈಬರಹದಲ್ಲಿ, "ನಿನಗೆ ಬೇಸ್‌ಬಾಲ್ ಹುಚ್ಚು ಇನ್ನೂ ಬಿಟ್ಟಿಲ್ಲವೆಂದು ಕೇಳಿದೆ. ಯಾರಿಗೆ ಎಷ್ಟು ಅರ್ಹತೆ ಎಂದು ನಿಷ್ಠುರವಾಗಿ ತೂಗಿ ಬರೆ" ಎಂದಿದ್ದೀರಿ. ಬಿಟ್ಟಿಲ್ಲ. ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಾ ಫೋನಿನಲ್ಲಿ ಅಮೆರಿಕದ ಹಿಂದಿನ ದಿನದ ಪಂದ್ಯ ನೋಡುತ್ತೇನೆ. ನಮ್ಮೆಜಮಾನರು ರಮೇಶ್ ಟೆಲಿಕಾಂ ಆಫೀಸಿಗೆ ಹೊರಡುವ ಮುಂಚೆ ದಿನಾ ಒಂದೇ ಮಾತು: "ರವೆ ಸೀದುಹೋಗ್ತಿದೆ ಕಣೇ." ಅಲ್ಲಿಯವರು ಹಾಲ್ ಆಫ್ ಫೇಮಿಗೆ ಒಬ್ಬ ಆಟಗಾರನನ್ನು ಸೇರಿಸಬೇಕಾದರೆ ವರ್ಷಗಟ್ಟಲೆ ಕಿತ್ತಾಡುತ್ತಾರೆ. ನೀವು ನನಗೆ ಎರಡು ವಾರ ಕೊಟ್ಟಿದ್ದೀರಿ.

ಸರಿ, ತೂಗುತ್ತೇನೆ.

ಹೆಲನ್, ಫಸ್ಟ್ ಬೇಸ್. ಇವಳ ಬಗ್ಗೆ ಸಭೆ ಸೇರುವುದೇ ದಂಡ. ಒಂಬತ್ತು ವರ್ಷ ಆಡಿದಳು. ಇಡೀ ತಂಡಕ್ಕೆ ಮೂರೇ ಗ್ಲೌಸ್ ಇದ್ದ ಕಾಲದಲ್ಲಿ ಬರಿಗೈಯಲ್ಲಿ ಹಿಡಿದಳು, ಎಡಗೈ ಉಂಗುರದ ಬೆರಳು ಇವತ್ತಿಗೂ ಸೊಟ್ಟ. ಸೇರಿಸಿ, ಕಾಫಿ ಕುಡಿದು ಮುಂದಕ್ಕೆ ಹೋಗಿ.

ಪ್ರಾರ್ಥನಾ, ಶಾರ್ಟ್‌ಸ್ಟಾಪ್. ಕಾಲು ಚುರುಕು, ಬಾಯಿ ಅದಕ್ಕಿಂತ ಚುರುಕು, ಬ್ಯಾಟಿಂಗ್ ಸಾಧಾರಣ. ಮೂರು ಒಳ್ಳೆಯ ವರ್ಷ, ನಾಲ್ಕು ಸುಮಾರು ವರ್ಷ. ಅರ್ಧಕ್ಕರ್ಧ ಅವಕಾಶ. ಆದರೆ ಸೋತ ದಿನ ಬಸ್ಸಿನಲ್ಲಿ ಹುಡುಗಿಯರನ್ನೆಲ್ಲ ನಗಿಸಿ ನಗಿಸಿ ಊರಿಗೆ ತಲುಪಿಸುತ್ತಿದ್ದಳಲ್ಲ, ಅದಕ್ಕೆ ನಿಮ್ಮ ಸ್ಕೋರ್ ಪುಸ್ತಕದಲ್ಲಿ ಕಾಲಂ ಇಲ್ಲ. ಇದ್ದಿದ್ದರೆ ಸೇರಿಸಿ ಅನ್ನುತ್ತಿದ್ದೆ. ಹೋಗಲಿ, ಸೇರಿಸಿ.

ಆರನೆಯ ಹೆಸರು ನಮ್ಮ ಹಳೆಯ ಕೋಚ್, ಈಗಿನ ನಿಮ್ಮ ಅಧ್ಯಕ್ಷ ಚಕ್ರಪಾಣಿಯವರ ಸೊಸೆಯದು. ಆಕೆ ಆಡಿದ್ದು ನಾಲ್ಕು ಪಂದ್ಯ, ಅದರಲ್ಲಿ ಎರಡು ಮಳೆಗೆ ನಿಂತವು. ಮೇಷ್ಟ್ರೇ, ನಾಚಿಕೆ ಆಗಬೇಕು.

ಮಿಕ್ಕವರ ಬಗ್ಗೆ ಹಿಂದಿನ ಹಾಳೆಯಲ್ಲಿ ಒಂದೊಂದು ಸಾಲು ಬರೆದಿದ್ದೇನೆ. ಈಗ ಅಸಲು ವಿಷಯಕ್ಕೆ ಬರುತ್ತೇನೆ. ಸುತ್ತೋಲೆಯ ಪಟ್ಟಿಯಲ್ಲಿ ಎಂಟೇ ಹೆಸರಿವೆ, ಮೇಲಿನಿಂದ ಕೆಳಕ್ಕೆ ನೋಡಿದೆ, ಕೆಳಗಿನಿಂದ ಮೇಲಕ್ಕೆ ನೋಡಿದೆ. ಶ್ರೀರಂಜನಿ ಎಲ್ಲಿ? ಅರವತ್ತೆರಡು ಪಂದ್ಯ ಪಿಚ್ ಮಾಡಿ ನಲವತ್ತೊಂದು ಗೆಲ್ಲಿಸಿದವಳು ಎಲ್ಲಿ? ಸೊಂಟದ ಪಕ್ಕದಿಂದ ಕೈಬೀಸಿ ಬಿಟ್ಟರೆ ಅವಳ ಚೆಂಡು ಬ್ಯಾಟಿನ ಹತ್ತಿರ ಬಂದು ಮೇಲೇಳುತ್ತಿತ್ತು. ಆರು ವರ್ಷ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತು ಆ ಚೆಂಡು ಹಿಡಿದ ಕ್ಯಾಚರ್ ನಾನು, ನನ್ನ ಅಂಗೈಯನ್ನು ಕೇಳಿ. ಅವಳನ್ನು ಬಿಟ್ಟು ಕೀರ್ತಿಫಲಕವೇ? ಹಾಗಾದರೆ ಆ ಕಲ್ಲನ್ನು ಗೋಡೆಗೆ ಹಾಕಬೇಡಿ, ಬಟ್ಟೆ ಒಗೆಯಲು ಇಟ್ಟುಕೊಳ್ಳಿ, ಉಪಯೋಗಕ್ಕಾದರೂ ಬರುತ್ತದೆ.

ನನ್ನ ಹೆಸರೂ ಪಟ್ಟಿಯಲ್ಲಿಲ್ಲ. ಅದು ಸರಿಯಾಗಿಯೇ ಇದೆ, ನನಗೇನೂ ತಕರಾರಿಲ್ಲ.

ಉತ್ತರ ಬೇಗ ಬರಲಿ. ಫೋನೆಂದರೆ ನಿಮಗೆ ಕಿವಿ ಕೇಳದು, ಇಮೇಲ್ ನಿಮಗಾಗದು. ಇಲ್ಲಿ ಪೋಸ್ಟ್‌ಮನ್ ಮನೆಬಾಗಿಲಿಗೆ ಬರುವುದಿಲ್ಲ. ಪೋಸ್ಟಾಫೀಸಿನಲ್ಲಿ ನಮ್ಮದೊಂದು ಪೆಟ್ಟಿಗೆಯಿದೆ, ಬೀಗದ ಕೈ ನನ್ನ ಹತ್ತಿರ. ವಾರಕ್ಕೆರಡು ಸಲ ಹೋಗಿ ತೆರೆದು ನೋಡುತ್ತೇನೆ.

ಭಾನುಮತಿ


ಮೈಸೂರು
3 ಜುಲೈ 2015

ಚಿ. ಸೌ. ಭಾನುಮತಿಗೆ ದ್ವಾರಕಾನಾಥನ ಆಶೀರ್ವಾದ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಕ್ಕೆ, ಎರಡನೆಯ ಸಲ ನಗಲಿಲ್ಲ. ಒಗೆಯುವ ಕಲ್ಲಿನ ಮಾತನ್ನು ಬಿಟ್ಟು ಮಿಕ್ಕದ್ದನ್ನು ಸಮಿತಿಯಲ್ಲಿ ಓದಿ ಹೇಳಿದೆ. ಅಧ್ಯಕ್ಷರ ಸೊಸೆಯ ಹೆಸರು ಬಿದ್ದುಹೋಯಿತು, ಆ ಜಾಗಕ್ಕೆ ಇನ್ನೊಬ್ಬ ಹಳೆಯ ಆಟಗಾರ್ತಿ ಬಂದಳು. ಚಕ್ರಪಾಣಿಯವರು ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು, ಆ ವಾರ ನೆಮ್ಮದಿಯಾಗಿತ್ತು.

ಶ್ರೀರಂಜನಿಯ ವಿಚಾರ ಬೇರೆ. ನಮ್ಮ ನಿಯಮಾವಳಿಯ ನಾಲ್ಕನೆಯ ನಿಯಮ ಹೀಗಿದೆ: "ಅಂತಿಮ ಪಂದ್ಯವನ್ನು ಸ್ವಂತ ತಪ್ಪಿನಿಂದ ಕಳೆದವರನ್ನು ಪರಿಗಣಿಸತಕ್ಕದ್ದಲ್ಲ." 1984ರ ಫೆಬ್ರವರಿ, ದಾವಣಗೆರೆ, ಅಂತಿಮ ಪಂದ್ಯ. ಎರಡು-ಎರಡು ಸಮ. ಏಳನೆಯ ಇನ್ನಿಂಗ್ಸಿನ ಕೊನೆ, ಎದುರಾಳಿಯ ಓಟಗಾರ್ತಿ ಮೂರನೆಯ ಬೇಸಿನಲ್ಲಿ. ಶ್ರೀರಂಜನಿ ಎಸೆದ ಚೆಂಡು ನಿನ್ನನ್ನು ದಾಟಿ ಹೋಯಿತು, ಓಟಗಾರ್ತಿ ಹೋಮ್ ಪ್ಲೇಟ್ ಮುಟ್ಟಿ ರನ್ ಗಳಿಸಿದಳು, ನಾವು ಸೋತೆವು. ನನ್ನ ಏಳನೆಯ ಪುಸ್ತಕ, ಪುಟ ಎಂಬತ್ತೆಂಟು. ಆ ಚೌಕದಲ್ಲಿ "ಎ.ತ." ಎಂದಿದೆ.

ನೀನು ಮರೆತಿರಲಾರೆ, ಆದರೂ ನೆನಪಿಸುತ್ತೇನೆ. ಬೇರೆಯವರೆಲ್ಲ ಇಂಗ್ಲಿಷಿನಲ್ಲಿ ಸ್ಕೋರು ಬರೆಯುತ್ತಿದ್ದಾಗ ನಾನೊಬ್ಬ ಕನ್ನಡದಲ್ಲಿ ಬರೆದವನು. ಕ್ಯಾಚರ್ ಎಷ್ಟು ಹಾರಿದರೂ ಸಿಗದಂಥ ಚೆಂಡಾದರೆ ಎಸೆತದ ತಪ್ಪು, ಎ.ತ., ಅದು ಪಿಚರ್ ತಲೆಗೆ. ಹಿಡಿಯಬಹುದಾದದ್ದನ್ನು ಬಿಟ್ಟರೆ ಹಿಡಿತದ ತಪ್ಪು, ಹಿ.ತ., ಅದು ಕ್ಯಾಚರ್ ತಲೆಗೆ. ತೀರ್ಮಾನ ಸ್ಕೋರರ್ ಒಬ್ಬನದೇ, ಅಂಪೈರನೂ ಕೇಳುವಂತಿಲ್ಲ. ಮೂವತ್ತೊಂದು ಪುಸ್ತಕಗಳಿವೆ ನನ್ನ ಬೀರುವಿನಲ್ಲಿ. ಒಂದನ್ನೂ ಯಾರೂ ಪ್ರಶ್ನಿಸಿಲ್ಲ. ಪುಸ್ತಕ ಹೇಳಿದ ಮೇಲೆ ಮುಗಿಯಿತು.

ಮಂಡಿನೋವು ಹಾಗೇ ಇದೆ. ರಮೇಶರಿಗೆ ನನ್ನ ನೆನಪು ಹೇಳು.

ದ್ವಾರಕಾನಾಥ


ಪಾರ್ಕ್‌ಲ್ಯಾಂಡ್ಸ್, ನೈರೋಬಿ
26 ಜುಲೈ 2015

ಮೇಷ್ಟ್ರೇ,

ನಮಸ್ಕಾರ ಹೇಳುವಷ್ಟು ತಾಳ್ಮೆ ಇವತ್ತಿಲ್ಲ. ಹೇಳಿದ್ದೇನೆ ಅಂದುಕೊಳ್ಳಿ.

ಪುಸ್ತಕ ಹೇಳಿದ ಮೇಲೆ ಮುಗಿಯಿತಂತೆ! ಪುಸ್ತಕಕ್ಕೆ ಕಣ್ಣಿತ್ತೇ? ಆ ದಿನ ದಾವಣಗೆರೆಯಲ್ಲಿ ಬಿಸಿಲು ಎದುರಿಗೇ ಇಳಿಯುತ್ತಿತ್ತು. ಬೆಳಗಿನಿಂದ ಒಂದೇ ಚೆಂಡು, ಹೊಲಿಗೆ ಬಿಟ್ಟಿತ್ತು. ಮೈದಾನದ ತುಂಬ ಜಲ್ಲಿಕಲ್ಲು. ಅವಳು ಆ ದಿನ ಎರಡು ಪಂದ್ಯ ಎಸೆದಿದ್ದಳು, ಮಧ್ಯೆ ತಿಂದದ್ದು ಎರಡು ಬಾಳೆಹಣ್ಣು. ಇದು ಯಾವ ಚೌಕದಲ್ಲಿ ಬರೆದಿದ್ದೀರಿ? ಅರವತ್ತೆರಡು ಪಂದ್ಯವನ್ನು ಒಂದು ಚೆಂಡಿನಿಂದ ಒರೆಸಿಹಾಕುವ ನಿಯಮ ಯಾವ ಪುಣ್ಯಾತ್ಮ ಬರೆದದ್ದು? ಅಮೆರಿಕದಲ್ಲಿ ಈ ನಿಯಮ ಇದ್ದಿದ್ದರೆ ಅವರ ಹಾಲ್ ಆಫ್ ಫೇಮಿನಲ್ಲಿ ಕಸ ಗುಡಿಸುವವರು ಬಿಟ್ಟರೆ ಯಾರೂ ಇರುತ್ತಿರಲಿಲ್ಲ.

ಒಂದು ವಿಷಯ ಹೇಳುತ್ತೇನೆ, ಕೇಳಿ. ಲ್ಯಾವಿಂಗ್ಟನ್ ಕಡೆಯ ಒಂದು ಶಾಲೆಯಲ್ಲಿ ವಾರಕ್ಕೆ ಮೂರು ದಿನ ಹೆಣ್ಣುಮಕ್ಕಳಿಗೆ ರೌಂಡರ್ಸ್ ಹೇಳಿಕೊಡುತ್ತೇನೆ. ಸಾಫ್ಟ್‌ಬಾಲಿನ ದಾಯಾದಿ ಆಟ. ಬೋಲರ್ ಕೆಳಗಿನಿಂದ ಎಸೆಯುತ್ತಾಳೆ, ಬ್ಯಾಟಿನ ಹಿಂದೆ ಒಬ್ಬಳು ಹಿಡಿಯಲು ನಿಲ್ಲುತ್ತಾಳೆ. ನಮ್ಮ ಕೆಳಮನೆಯ ಮೇಧಾ, ಹದಿನಾಲ್ಕು ವರ್ಷ, ಹಾಗೆ ಹಿಂದೆ ನಿಲ್ಲುವವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಟರ್ಮ್ ಮುಗಿಯುವ ದಿನದ ಪಂದ್ಯದಲ್ಲಿ ಕೈಗೆ ಬಂದ ಚೆಂಡನ್ನು ಬಿಟ್ಟಳು. ಬಿಟ್ಟವಳೇ ಬೋಲರ್ ಕಡೆ ಬೆರಳು ತೋರಿಸಿದಳು. ನನ್ನ ಜೊತೆ ಕಲಿಸುವ ಫೆಲಿಕ್ಸ್ ಅದನ್ನು ನಂಬಿ ಬೋಲರನ್ನೇ ಗದರಿಸಿದರು. ಬೈಸಿಕೊಂಡ ಆ ಬೋಲರ್ ಹುಡುಗಿ ಚೆಂಡು ತರಲು ತಾನೇ ಓಡಿದಳು.

ನನಗೇನಾಯಿತೋ ಗೊತ್ತಿಲ್ಲ. ಮೈದಾನದ ಮಧ್ಯೆ ಹೋಗಿ ಅಷ್ಟು ಜನ ತಂದೆತಾಯಿಗಳ ಎದುರಿಗೆ ಮೇಧಾಳ ರಟ್ಟೆ ಹಿಡಿದು, "ಯಾರ ತಪ್ಪು ಹೇಳು! ನಿನ್ ಬಾಯಲ್ಲೇ ಹೇಳು!" ಎಂದು ಕನ್ನಡದಲ್ಲಿ ಕೂಗಾಡಿದೆ. ಅವಳು ಅಳುತ್ತಾ, "ಆಂಟಿ, ಇಟ್ಸ್ ಜಸ್ಟ್ ರೌಂಡರ್ಸ್!" ಅಂದಳು. ಅವಳ ತಾಯಿ ಈಗ ಲಿಫ್ಟಿನಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ರಮೇಶ್, "ಮಗೂನ ಹೀಗಾ ಬೈಯೋದು? ಏನಾಗಿದೆ ನಿನಗೆ?" ಎಂದು ಕೇಳಿದರು. ತಲೆನೋವು ಅಂದೆ.

ಹಿಡಿಯುವವಳು ಬಿಟ್ಟರೂ ಜನ ನೋಡುವುದು ಎಸೆದವಳನ್ನೇ. ಇದನ್ನು ಯೋಚಿಸಿ. ಆ ಪುಟವನ್ನು ಇನ್ನೊಮ್ಮೆ ತೆರೆದು ನೋಡಿ ಅಂತ ಕೇಳುತ್ತಿದ್ದೇನೆ, ಇಷ್ಟೇ.

ಭಾನುಮತಿ


ಮೈಸೂರು
12 ಸೆಪ್ಟೆಂಬರ್ 2015

ಚಿ. ಸೌ. ಭಾನುಮತಿಗೆ ಆಶೀರ್ವಾದ.

ತಡವಾಯಿತು. ಗೌರಿಹಬ್ಬಕ್ಕೆ ಮಗಳು ಬಂದಿದ್ದಾಳೆ, ಮೊಮ್ಮಕ್ಕಳು ನನ್ನ ಪೆನ್ನುಗಳನ್ನೆಲ್ಲ ಬಚ್ಚಿಟ್ಟಿದ್ದಾರೆ.

ನಿನ್ನ ಕೋಪದ ಮೂಲ ನನಗೀಗ ಅರ್ಥವಾಯಿತು. ಮೊದಲ ಪತ್ರದ ಕೊನೆಯಲ್ಲಿ, "ನನ್ನ ಹೆಸರೂ ಇಲ್ಲ, ನನಗೇನೂ ತಕರಾರಿಲ್ಲ" ಎಂದು ಬರೆದಿದ್ದೆಯಲ್ಲ. ನಲವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು ನಾನು, ತಕರಾರಿಲ್ಲ ಎಂದರೆ ಏನೆಂದು ಬಲ್ಲೆ. ಶ್ರೀರಂಜನಿಯ ಹೆಸರಿನಲ್ಲಿ ನೀನು ನಿನ್ನ ನೋವನ್ನೇ ಬರೆಯುತ್ತಿದ್ದೀಯೆ. ತಪ್ಪೇನಿಲ್ಲ. ಆದರೆ ಹುಡುಗಿ, ಸ್ವಲ್ಪ ತಾಳ್ಮೆ ಬೇಡವೇ? ತೂಗುವವರ ಕೈಗೇ ಅವರ ಹೆಸರಿನ ಪಟ್ಟಿ ಕೊಡುತ್ತಾರೆಯೇ? ಅದಕ್ಕೇ ಒಂಬತ್ತನೆಯ ಜಾಗವನ್ನು ಸುತ್ತೋಲೆಯಲ್ಲಿ ತೋರಿಸಿರಲಿಲ್ಲ. ಒಂಬತ್ತನೆಯವಳು ನೀನು. ಮೇ ತಿಂಗಳಲ್ಲೇ ತೀರ್ಮಾನವಾಗಿದೆ. ಚಕ್ರಪಾಣಿಯವರು ಸೂಚಿಸಿದರು, ನಾನು ಅನುಮೋದಿಸಿದೆ. ಜನವರಿಯಲ್ಲಿ ಕರೆಸಿ ಆಶ್ಚರ್ಯಪಡಿಸೋಣವೆಂದಿದ್ದೆವು. ಈಗ ನೀನೇ ಬಾಯಿ ಬಿಡಿಸಿದೆ.

ಟೋಪಿ ಹಾಕಿಕೊಂಡ ನಿನ್ನ ಹಳೆಯ ಫೋಟೋ ಒಂದಿದ್ದರೆ ಕಳಿಸು. ಪುಟ ಎಂಬತ್ತೆಂಟನ್ನು ಮತ್ತೆ ತೆರೆಯುವ ಇಚ್ಛೆ ನನಗಿಲ್ಲ. ವಯಸ್ಸಾಯಿತು. ನೀನೂ ಅದನ್ನು ಇನ್ನು ಕೆದಕಬೇಡ.

ದ್ವಾರಕಾನಾಥ


ಪಾರ್ಕ್‌ಲ್ಯಾಂಡ್ಸ್, ನೈರೋಬಿ
11 ಅಕ್ಟೋಬರ್ 2015

ಮೇಷ್ಟ್ರೇ,

ಫೋಟೋ ಕಳಿಸುವುದಿಲ್ಲ. ನನ್ನ ಹೆಸರು ಆ ಕಲ್ಲಿನ ಮೇಲೆ ಬಂದರೆ ನಾನೇ ಬಂದು ಸುತ್ತಿಗೆಯಲ್ಲಿ ಒಡೆಯುತ್ತೇನೆ.

ನನ್ನ ನೋವಂತೆ! ಎಷ್ಟು ಸಲ ಓದಿದರೂ ಆ ಸಾಲು ಬಂದ ಕೂಡಲೇ ಕಾಗದವನ್ನು ಮುದುರಿ ಎಸೆಯಬೇಕೆನ್ನಿಸುತ್ತದೆ. ನಿಮಗೆ ಕಿವಿ ಕೇಳದಿದ್ದರೂ ಕಣ್ಣು ಕಾಣುತ್ತದಲ್ಲ, ನಿಧಾನವಾಗಿ ಓದಿ. ಆ ಚೆಂಡು ಹಿಡಿಯಬಹುದಾದ ಚೆಂಡು. ಹಿಡಿಯಬಹುದಾದದ್ದು ಮಾತ್ರವಲ್ಲ, ನಾನು ಕೇಳಿದ ಚೆಂಡು. ಎರಡು ಬೆರಳು ತೋರಿಸಿ, ಕೆಳಗೆ, ಹೊರಗೆ ಎಂದು ಸನ್ನೆ ಮಾಡಿದೆ. ಅವಳು ಅಲ್ಲಿಗೇ ಎಸೆದಳು, ಗ್ಲೌಸಿನ ಗುಳಿಗೆ.

ಆ ದಿನ ಶಾಮಿಯಾನದಲ್ಲಿ ಚಕ್ರಪಾಣಿಯವರ ಪಕ್ಕ ಬ್ಯಾಂಕಿನ ಅಧಿಕಾರಿ ಕೂತಿದ್ದರು. ಕ್ರೀಡಾ ಕೋಟಾದಲ್ಲಿ ನಮ್ಮ ತಂಡದಿಂದ ಆರಿಸಲು ಬಂದಿದ್ದವರು, ಸೋಮವಾರ ನನಗೂ ಶ್ರೀಗೂ ಸಂದರ್ಶನ. ಅವಳ ಕೈಯಿಂದ ಚೆಂಡು ಬಿಡುವ ಹೊತ್ತಿಗೆ ಆ ಮನುಷ್ಯ ಎದ್ದು ನಿಂತರು. ಹೊರಟೇಬಿಟ್ಟರೇನೋ ಅಂದುಕೊಂಡು ನಾನು ಆ ಕಡೆ ಕಣ್ಣು ತಿರುಗಿಸಿದೆ. ಚೆಂಡು ಗ್ಲೌಸಿನ ಅಂಚಿಗೆ ತಾಗಿ ಶಾಮಿಯಾನದ ಹಗ್ಗದವರೆಗೂ ಉರುಳಿತು. ಮಿಕ್ಕದ್ದು ನಿಮಗೆ ಗೊತ್ತು.

ಗೊತ್ತಿಲ್ಲದ್ದು ಒಂದಿದೆ. ಶ್ರೀ ಓಡಿ ಬಂದು ನನ್ನ ಮುಂದೆ ನಿಂತಳು, ನನ್ನನ್ನೇ ನೋಡಿದಳು. ನಾನು ಮುಖದ ಜಾಲರಿ ತೆಗೆಯಲಿಲ್ಲ. ಅವಳಿಗೆ ನನ್ನ ಮುಖ ಕಾಣಬಾರದೆಂದು ಬಸ್ಸಿನ ಹತ್ತಿರ ಹೋಗುವವರೆಗೂ ತೆಗೆಯಲಿಲ್ಲ. ಮಾರನೆಯ ದಿನ ನಿಮ್ಮ ಹಾಳೆ ನೋಡಿಕೊಂಡು ಪೇಪರಿನವರು "ಪಿಚರ್ ತಪ್ಪಿನಿಂದ ಮೈಸೂರಿಗೆ ಸೋಲು" ಎಂದು ಹಾಕಿದರು. ಆ ಪೇಪರ್ ಸೋಮವಾರ ಸಂದರ್ಶನದ ಮೇಜಿನ ಮೇಲಿತ್ತು. ಕೆಲಸ ನನಗೆ ಸಿಕ್ಕಿತು. ರಮೇಶರಿಗೆ ನೈರೋಬಿಗೆ ಪೋಸ್ಟಿಂಗ್ ಆಗಿ ನಾನು ಸ್ವಯಂನಿವೃತ್ತಿ ಪಡೆಯುವವರೆಗೂ ಆ ಕುರ್ಚಿಯಲ್ಲಿ ಕೂತೆ, ಪ್ರೊಮೋಷನ್ ತೆಗೆದುಕೊಂಡೆ, ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿಕೊಂಡೆ. ಒಂದು ಸಲವೂ ಬಾಯಿ ಬಿಡಲಿಲ್ಲ.

ಸಿಟ್ಟು ನನ್ನ ಮೇಲಿದೆ, ಸರಿ. ನಿಮ್ಮ ಮೇಲೂ ಇದೆ! ನೀವು ಹತ್ತು ಹೆಜ್ಜೆ ದೂರದಲ್ಲಿ ಮೇಜು ಹಾಕಿಕೊಂಡು ಕೂತಿದ್ದಿರಿ. ಪಾಠದ ಮಧ್ಯೆ ಹಿಂದಿನ ಬೆಂಚಿನಲ್ಲಿ ಹುಣಸೆಹಣ್ಣು ಚೀಪಿದರೆ ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹೆಸರು ಕೂಗುತ್ತಿದ್ದವರು ನೀವು. ಈ ಚೆಂಡು ಹೇಗೆ ಕಾಣಲಿಲ್ಲ? ಕುರುಡಾಗಿದ್ದಿರಾ? ಆ ಚೌಕವನ್ನು ತಿದ್ದಿ. ಹಿ.ತ. ಎಂದು ಬರೆಯಿರಿ. ನನ್ನ ಈ ಪತ್ರವನ್ನು ಸಮಿತಿಯಲ್ಲಿ ಗಟ್ಟಿಯಾಗಿ ಓದಿ, ಒಂದು ಸಾಲೂ ಬಿಡಬೇಡಿ. ಒಂಬತ್ತನೆಯ ಜಾಗಕ್ಕೆ ಅವಳನ್ನು ಹಾಕಿ.

ಭಾನುಮತಿ


ಪಾರ್ಕ್‌ಲ್ಯಾಂಡ್ಸ್, ನೈರೋಬಿ
29 ನವೆಂಬರ್ 2015

ಮೇಷ್ಟ್ರೇ,

ಏಳು ವಾರ ಆಯಿತು. ಈ ಮಳೆಯಲ್ಲಿ ಮಟಾಟು ವ್ಯಾನು ಹತ್ತಿ ಪೋಸ್ಟಾಫೀಸಿಗೆ ಹೋಗುವುದು, ಪೆಟ್ಟಿಗೆ ತೆರೆಯುವುದು, ಕರೆಂಟ್ ಬಿಲ್ಲು ಹಿಡಿದುಕೊಂಡು ವಾಪಸ್ ಬರುವುದು. ಕೌಂಟರಿನ ಪೀಟರ್ ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಕೈಯಾಡಿಸುತ್ತಾರೆ: "ಹಕುನಾ ಬರುವಾ, ಮಾಮಾ." ಕಾಗದ ಇಲ್ಲಮ್ಮ ಅಂತ. ಮೊನ್ನೆ ಪಾಪ ಚಹಾ ಕೊಟ್ಟು ಕೂರಿಸಿದರು.

ಉತ್ತರ ಕೊಡದೆ ಕೂತರೆ ನಾನು ತಣ್ಣಗಾಗುತ್ತೇನೆ ಅಂದುಕೊಂಡಿದ್ದೀರೋ? ಒಬ್ಬಳ ಹೆಸರು ಹೊಲಸಾಗಿದೆ, ನೀವು ನಿಮ್ಮ ಮೂವತ್ತೊಂದು ಪುಸ್ತಕದ ಮರ್ಯಾದೆ ಕಾಯುತ್ತಾ ಕೂತಿದ್ದೀರಿ. ಡಿಸೆಂಬರ್ ಮೂವತ್ತೊಂದರವರೆಗೆ ನೋಡುತ್ತೇನೆ. ಆಮೇಲೆ ಹೆಲನ್, ಪ್ರಾರ್ಥನಾ, ತಂಡದಲ್ಲಿದ್ದ ಪ್ರತಿಯೊಬ್ಬಳಿಗೂ ಅಕ್ಟೋಬರ್ ಪತ್ರದ ನಕಲು ಕಳಿಸುತ್ತೇನೆ.

ಭಾನುಮತಿ


ಮೈಸೂರು
4 ಡಿಸೆಂಬರ್ 2015

ಭಾನುಮತಿಗೆ,

ನಿನ್ನ ಅಕ್ಟೋಬರ್ ಪತ್ರ ಕೈಸೇರಿ ತಿಂಗಳ ಮೇಲಾಯಿತು. ಮೂರು ಸಲ ಉತ್ತರ ಬರೆದು ಹರಿದುಹಾಕಿದೆ. ಇದು ನಾಲ್ಕನೆಯದು, ಇದನ್ನು ಹರಿಯುವುದಿಲ್ಲ.

ನಾನು ಕುರುಡಾಗಿರಲಿಲ್ಲ. ಚೆಂಡು ನಿನ್ನ ಗ್ಲೌಸಿಗೆ ತಾಗಿದ್ದನ್ನು ನೋಡಿದೆ. ಹಿ.ತ. ಎಂದೇ ಬರೆದೆ. ಸಂಜೆ ನಾವು ಇಳಿದುಕೊಂಡಿದ್ದ ಛತ್ರಕ್ಕೆ ಚಕ್ರಪಾಣಿಯವರು ಬಂದರು. "ಇಬ್ಬರಲ್ಲಿ ಒಬ್ಬಳನ್ನೇ ತಗೋತಾರಂತೆ ಮೇಷ್ಟ್ರೇ. ಎರಡು ಮನಸ್ಸು ಅವರಿಗೆ. ಶ್ರೀರಂಜನಿಗೆ ಹೆಂಗೂ ಮದುವೆ ಗೊತ್ತಾಗಿದೆ, ಅವಳಿಗ್ಯಾಕೆ ಕೆಲಸ? ಭಾನು ಮನೇಲಿ ತಂದೆ ಇಲ್ಲ. ಒಂದಕ್ಷರ ತಾನೆ?" ಎಂದರು. ಅರ್ಧ ಬ್ಲೇಡನ್ನೂ ಅವರೇ ಕೊಟ್ಟರು. ನಾನು "ಹಿ" ಕೆರೆದು "ಎ" ಬರೆದೆ. ಪೇಪರಿನವರಿಗೆ ಕೊಟ್ಟದ್ದು ಆ ಹಾಳೆಯ ನಕಲು. ನಾಲ್ಕನೆಯ ನಿಯಮ ಬರೆಸಿದ ಪುಣ್ಯಾತ್ಮನೂ ಅವರೇ, ಪುಟ ಎಂಬತ್ತೆಂಟನ್ನು ಯಾರೂ ತೆರೆಯದಿರಲೆಂದು. ನಾನು ಅದಕ್ಕೂ ಕೈಯೆತ್ತಿದೆ. ಒಂದು ಚೌಕ ಸುಳ್ಳೆಂದು ಒಪ್ಪಿಕೊಂಡರೆ ಮೂವತ್ತೊಂದು ಪುಸ್ತಕವನ್ನೂ ಜನ ಅನುಮಾನಿಸುತ್ತಾರೆಂಬ ಹೆದರಿಕೆ ನನಗೆ.

ಸಂದರ್ಶನ ಮುಗಿಸಿಕೊಂಡು ಆ ಸೋಮವಾರವೇ ಶ್ರೀರಂಜನಿ ನನ್ನ ಶಾಲೆಗೆ ಬಂದಿದ್ದಳು. ಪುಸ್ತಕ ಕೇಳಿದಳು. ಪುಟವನ್ನು ಕಿಟಕಿಗೆ ಹಿಡಿದಳು. ಕೆರೆದ ಜಾಗ ತೆಳ್ಳಗಾಗಿ ಬೆಳಕು ಈ ಕಡೆ ಬಂತು. "ಪುಸ್ತಕ ಚೆನ್ನಾಗಿ ಇಟ್ಕೊಂಡಿದೀರ ಸಾರ್" ಎಂದು ಮುಚ್ಚಿ ಕೊಟ್ಟು ಹೋದಳು. ಮತ್ತೆ ಮೈದಾನಕ್ಕೆ ಬರಲಿಲ್ಲ. ಆ ಮದುವೆಯೂ ಆಗಲಿಲ್ಲ, ಗಂಡಿನ ಕಡೆಯವರಿಗೆ ಕೆಲಸದಲ್ಲಿರುವ ಹುಡುಗಿ ಬೇಕಿತ್ತಂತೆ. ನಂಜನಗೂಡಿನ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ತಾತ್ಕಾಲಿಕ ಆಟದ ಮೇಡಂ ಆಗಿದ್ದಾಳೆ.

ಕಳೆದ ಭಾನುವಾರ ಏಳನೆಯ ಪುಸ್ತಕವನ್ನೂ ನಿನ್ನ ಪತ್ರವನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅವಳ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿದಳು. ಕೆಂಪು ಶಾಯಿಯಲ್ಲಿ ಎ.ತ. ಹೊಡೆದುಹಾಕಿ, ಹಿ.ತ. ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿದೆ. ಅವಳೂ ಪಕ್ಕದಲ್ಲಿ ಸಹಿ ಹಾಕಿದಳು. ಆಮೇಲೆ ಒಳಗೆ ಕರೆದಳು.

ಫಲಕ ಬೇಡವೆನ್ನುತ್ತಾಳೇನೋ ಅಂದುಕೊಂಡಿದ್ದೆ. "ಬೇಡ ಅನ್ನೋಕೆ ನಾನೇನು ದೇವರಾ ಸಾರ್? ಬೇಕು. ಮೂವತ್ತೊಂದು ವರ್ಷದಿಂದ ಬೇಕು. ಆದ್ರೆ ಭಾನು ಬಿಟ್ಟುಕೊಟ್ಟಿದ್ದು ಅಂತ ಬೇಡ" ಎಂದಳು. ಅವಳು ಬಿಟ್ಟುಕೊಡಬೇಕಾಗಿಲ್ಲಮ್ಮ, ಪುಸ್ತಕ ತಿದ್ದಿದ ಮೇಲೆ ನಾಲ್ಕನೆಯ ನಿಯಮವೇ ಅವಳನ್ನು ಕೈಬಿಟ್ಟಿತು ಎಂದೆ. ಅದಕ್ಕೆ ಒಪ್ಪಿದಳು. ನಿನ್ನೆ ಸಮಿತಿಯಲ್ಲಿ ಎಲ್ಲವನ್ನೂ ಓದಿದೆ, ಬ್ಲೇಡಿನ ವಿಷಯವನ್ನೂ. ಚಕ್ರಪಾಣಿಯವರು ಕುರ್ಚಿ ತಳ್ಳಿ ಎದ್ದು ಹೋದರು. ಒಂಬತ್ತನೆಯ ಹೆಸರು ಶ್ರೀರಂಜನಿಯದು. ಕಲ್ಲು ಕೆತ್ತುವವರಿಗೆ ಹೇಳಿಯಾಗಿದೆ.

ಇನ್ನೊಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿದೆ. ನಿನ್ನ ಪತ್ರವನ್ನು ಅವಳು ನಿಂತುಕೊಂಡೇ ಓದಿದಳು. ಮಡಿಸಿ ವಾಪಸ್ ಕೊಡುತ್ತಾ, "ಎಷ್ಟು ಪತ್ರ ಬರೆದ್ಲು ನಿಮಗೆ?" ಎಂದು ಕೇಳಿದಳು. ಮೂರು ಎಂದೆ.

"ನನ್ ಅಡ್ರೆಸ್ ಕೇಳಿದ್ಲಾ?"

ಇಲ್ಲ ಎಂದೆ. ಅವಳು ಕಾಫಿ ಮಾಡಲು ಒಳಗೆ ಹೋದಳು, ಬಹಳ ಹೊತ್ತು ಬರಲಿಲ್ಲ. ವಿಳಾಸವನ್ನು ಈ ಕಾಗದದ ಹಿಂದೆ ಬರೆದಿದ್ದೇನೆ.

ದ್ವಾರಕಾನಾಥ


ಪಾರ್ಕ್‌ಲ್ಯಾಂಡ್ಸ್, ನೈರೋಬಿ
2 ಜನವರಿ 2016

ಶ್ರೀ,

ಮೇಷ್ಟ್ರ ಕಾಗದ ಬಂದು ಒಂಬತ್ತು ದಿನವಾಯಿತು. ಈ ಹೆಸರು ಬರೆದು ಮುಂದೆ ಏನು ಬರೆಯಬೇಕೆಂದು ತಿಳಿಯದೆ ಒಂಬತ್ತು ದಿನ ಕಳೆದೆ. ಅವರಿಗೆ ಬರೆಯುವಾಗ ಪೆನ್ನು ನಿಲ್ಲುತ್ತಲೇ ಇರಲಿಲ್ಲ.

ಪುಟಗಟ್ಟಲೆ ಬೈದೆ ಅವರಿಗೆ. ಬೈದ ದಿನ ಚೆನ್ನಾಗಿ ನಿದ್ದೆ ಬರುತ್ತಿತ್ತು. ನಿನ್ನ ಪರವಾಗಿ ಹೋರಾಡುತ್ತಿದ್ದೇನೆಂದು ನಂಬಿಕೊಂಡಿದ್ದೆ. ನಿನ್ನ ಪರವಾಗಿ ಆಗಿದ್ದರೆ ಮೊದಲು ನಿನ್ನ ವಿಳಾಸ ಕೇಳುತ್ತಿದ್ದೆ. ಕೆಳಮನೆಯಲ್ಲಿ ಮೇಧಾ ಅಂತ ಒಬ್ಬ ಹುಡುಗಿ ಇದ್ದಾಳೆ. ಚೆಂಡು ಬಿಟ್ಟು ಬೋಲರ್ ಕಡೆ ಕೈ ತೋರಿಸಿದ್ದಕ್ಕೆ ಅವಳನ್ನು ಎಲ್ಲರೆದುರು ಬೈದಿದ್ದೆ. ನಿನ್ನೆ ಅವಳ ಮನೆಗೆ ಹೋಗಿ ಕ್ಷಮೆ ಕೇಳಿ, ನಮ್ಮ ಕಥೆ ಹೇಳಿದೆ. ಅವಳು, "ಆಂಟಿ, ಐ ಸೆಡ್ ಸಾರಿ ಟು ಹರ್ ದಿ ಸೇಮ್ ಡೇ" ಅಂದಳು. ಬಸ್ಸು ಹತ್ತುವ ಮುಂಚೆ ಬೋಲರ್ ಹುಡುಗಿಯ ಹತ್ತಿರ ಹೋಗಿ ಹೇಳಿದ್ದಳಂತೆ. ಹದಿನಾಲ್ಕು ವರ್ಷದ ಮಗು.

ಮೇಷ್ಟ್ರು ಹಳಬರನ್ನೆಲ್ಲ ನಿಷ್ಠುರವಾಗಿ ತೂಗು ಅಂದರು. ಎಲ್ಲರನ್ನೂ ತೂಗಿದೆ, ಒಬ್ಬಳು ಉಳಿದಿದ್ದಾಳೆ. ಭಾನುಮತಿ, ಕ್ಯಾಚರ್. ಆರು ವರ್ಷ ಆಡಿದಳು. ಕೈ ಒಳ್ಳೆಯದು, ಭುಜ ಒಳ್ಳೆಯದು, ಬ್ಯಾಟಿಂಗ್ ಪರವಾಗಿಲ್ಲ. ಅಂತಿಮ ಪಂದ್ಯದಲ್ಲಿ ಒಂದು ಚೆಂಡು ಬಿಟ್ಟಳು. ಅದು ಯಾರಿಗಾದರೂ ಆಗುತ್ತದೆ, ಅಷ್ಟಕ್ಕೆ ನಾನು ಯಾರನ್ನೂ ಹೊರಗಿಡುವುದಿಲ್ಲ. ಆಮೇಲೆ ಮೂವತ್ತೊಂದು ವರ್ಷ ಮುಖದ ಜಾಲರಿ ತೆಗೆಯಲಿಲ್ಲ. ಸೇರಿಸಬೇಡಿ.

ನನ್ನ ವಿಳಾಸ ಲಕೋಟೆಯ ಮೇಲಿದೆ. ಬೈಯುವುದಿದ್ದರೆ ಅಲ್ಲಿಗೆ ಬರೆದು ಬೈ, ಪೂರ್ತಿ ಬೈ. ಬರೆಯದಿದ್ದರೂ ವಾರಕ್ಕೆರಡು ಸಲ ಹೋಗಿ ಪೆಟ್ಟಿಗೆ ನೋಡುತ್ತೇನೆ.

ನೀನು ಎಸೆದದ್ದು ನಾನು ಕೇಳಿದ ಜಾಗಕ್ಕೇ ಬಂದಿತ್ತು, ಶ್ರೀ. ಬಿಟ್ಟವಳು ನಾನು.

ಭಾನು